ಮಡಚದ ಸಣ್ಣ ಚೂರಿ ದಿನಾ ಸೊಂಟದಲ್ಲಿರಬೇಕೇ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಶನಿವಾರ, ಭಾನುವಾರ ಪುತ್ತೂರು ಸಮೀಪದ ಮನೆಗೆ ಹೋಗಿ ಅಡಿಕೆ, ಕಾಳುಮೆಣಸಿನ ತೋಟ ನೋಡಿಕೊಳ್ಳುತ್ತೇನೆ. ಜೇಬಿನಲ್ಲಿ ಯಾವಾಗಲೂ ಒಂದು ಮಡಚುವ ಸ್ವಿಸ್ ಚೂರಿ ಇರುತ್ತದೆ. ತೋಟದಲ್ಲಿ ಅದರ ಸಂದಿಗೆ ಮಣ್ಣು, ಬಾಳೆಯ ಸೊನೆ ಸೇರಿ ಬಿಗಿಯಾಗುತ್ತದೆ. ಒದ್ದೆ ಕೈಯಲ್ಲಿ ಬಿಡಿಸಲಿಕ್ಕೇ ಆಗುವುದಿಲ್ಲ. ಮೂರು ಇಂಚು ಅಲಗಿನ, ಮಡಚದ, ಒರೆ ಸಮೇತದ ಸಣ್ಣ ಚೂರಿಯೊಂದನ್ನು ಆನ್‌ಲೈನ್‌ನಲ್ಲಿ ಎರಡೂವರೆ ಸಾವಿರಕ್ಕೆ ನೋಡಿದೆ. ಬೆಲ್ಟಿಗೆ ಸಿಕ್ಕಿಸಿ ದಿನಾ ಇಟ್ಟುಕೊಳ್ಳುವ ಆಸೆ. ರಾತ್ರಿ ಬೈಕಿನಲ್ಲಿ ಒಬ್ಬನೇ ಬರುವಾಗ ಒಂದು ಧೈರ್ಯವೂ ಆಯಿತು. ಕಾನೂನಿನ ತೊಂದರೆ ಇದೆಯೇ? ಕೊಳ್ಳಲೇ? ಇಂಗ್ಲೆಂಡಿನಲ್ಲಿರುವ ತಮ್ಮ ಡಿಸೆಂಬರಿನಲ್ಲಿ ಬರುತ್ತಾನೆ, ಅವನ ಕೈಯಲ್ಲಿ ತರಿಸುವುದು ಒಳ್ಳೆಯದೇ?

ಉತ್ತರ: ಕೊಳ್ಳಿ, ಆದರೆ ದಿನಾ ಸೊಂಟದಲ್ಲಿ ಬೇಡ. ಶನಿವಾರ ತೋಟಕ್ಕೆ ಇಳಿಯುವಾಗ ಬೆಲ್ಟಿಗೆ ಸಿಕ್ಕಿಸಿಕೊಳ್ಳಿ, ಭಾನುವಾರ ಸಂಜೆ ಬಿಚ್ಚಿ ಮನೆಯಲ್ಲೇ ಇಟ್ಟು ಬನ್ನಿ. ಮಂಗಳೂರಿನ ಐದು ದಿನಕ್ಕೆ ಜೇಬಿನ ಸ್ವಿಸ್ ಚೂರಿ ಧಾರಾಳ ಸಾಕು. ಕೊರಿಯರ್ ಪೆಟ್ಟಿಗೆ ಬಿಚ್ಚಲು, ಪೇರಳೆ ಹಣ್ಣು ಹೆಚ್ಚಲು ಯಾರಿಗೂ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಒಂದೇ ಚೂರಿ ಎರಡೂ ಕಡೆಗೆ ಆಗಬೇಕು ಅನ್ನುವ ಹಟ ಬಿಟ್ಟರೆ ನಿಮ್ಮ ಪ್ರಶ್ನೆಯ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಕಾನೂನಿನಿಂದ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ಜನರಿಗೆ ಇರುವ ಭಯವೂ ತಪ್ಪು, ಧೈರ್ಯವೂ ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆ ‘ಶಸ್ತ್ರ’ ಎಂದು ಹೇಳುವುದು ದಾಳಿಗೆ ಅಥವಾ ರಕ್ಷಣೆಗೆಂದೇ ರೂಪಿಸಿದ ವಸ್ತುವನ್ನು. ಮನೆಬಳಕೆಗೆ, ಕೃಷಿಗೆ ಮಾತ್ರ ಮಾಡಿದ್ದು ಅದರಿಂದ ಹೊರಗೆ. 2016ರ ಶಸ್ತ್ರಾಸ್ತ್ರ ನಿಯಮಗಳು ಅಳತೆಯನ್ನೂ ಕೊಡುತ್ತವೆ: ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇದ್ದರೆ ಅದು ಶಸ್ತ್ರಗಳ ಪಟ್ಟಿಗೆ ಬರುತ್ತದೆ, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಉಪಕರಣಗಳಿಗೆ ಅಲ್ಲಿಯೂ ವಿನಾಯಿತಿ ಇದೆ. ನಿಮ್ಮ ಮನೆಯ ಜಗಲಿಯಲ್ಲಿ ನೇತಾಡುವ ಕತ್ತಿಯ ಅಗಲ ಎರಡು ಇಂಚು ದಾಟಿದ್ದರೂ ಯಾರೂ ಪರವಾನಗಿ ಕೇಳದಿರುವುದು ಇದೇ ಕಾರಣಕ್ಕೆ. ಮೂರು ಇಂಚಿನ ಚೂರಿ ಕೊಳ್ಳಲು, ಮನೆಯಲ್ಲಿ ಇಟ್ಟುಕೊಳ್ಳಲು ತೊಂದರೆ ಇಲ್ಲ.

ಆದರೆ ಅಳತೆ ಸಣ್ಣದು ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಕಟ್ಟಿಕೊಂಡು ತಿರುಗಬಹುದು ಎಂದಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ನಿಷೇಧಾಜ್ಞೆ ಅಪರೂಪದ ಸಂಗತಿಯಲ್ಲ. ಮೊದಲು ಸೆಕ್ಷನ್ 144 ಎಂದು ಕರೆಯುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163 ಆಗಿದೆ, ವಿಷಯ ಅದೇ. ಊರಿನಲ್ಲಿ ಏನಾದರೂ ಗಲಾಟೆಯಾದ ಮರುದಿನ ಹೊರಡುವ ಆದೇಶದಲ್ಲಿ ಗುಂಪು ಸೇರುವುದರ ಜೊತೆಗೆ ಆಯುಧ ಒಯ್ಯುವುದಕ್ಕೂ ತಡೆ ಇರುತ್ತದೆ. ಅಂಥ ರಾತ್ರಿ ಮಂಗಳೂರಿನ ಪಂಪ್‌ವೆಲ್ ವೃತ್ತದ ಹತ್ತಿರ ನಾಕಾಬಂದಿಯಲ್ಲಿ ನಿಂತ ಪೊಲೀಸರಿಗೆ ನಿಮ್ಮ ಶರ್ಟಿನ ಕೆಳಗೆ ಒರೆಯಲ್ಲಿರುವ ಚೂರಿ ಕಂಡರೆ, ನಿಯಮಾವಳಿಯ ಒಂಬತ್ತು ಇಂಚಿನ ಲೆಕ್ಕವನ್ನು ರಸ್ತೆ ಬದಿಯಲ್ಲಿ ನಿಂತು ವಿವರಿಸುವ ಪಾಡು ನಿಮ್ಮದು. ಅದೇ ಚೂರಿ ತೋಟದಲ್ಲಿ, ಕೆಸರು ಮೆತ್ತಿದ ಪ್ಯಾಂಟಿನ ಮೇಲೆ ಇದ್ದರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಇನ್ನು ಮಾಲ್, ನ್ಯಾಯಾಲಯ, ವಿಮಾನ ನಿಲ್ದಾಣ, ಬೆಂಗಳೂರಿಗೆ ಹೋದಾಗ ಮೆಟ್ರೊ: ಇವೆಲ್ಲ ಕಡೆ ಬಾಗಿಲಲ್ಲೇ ತಡೆಯುತ್ತಾರೆ. ವಿಮಾನದಲ್ಲಿ ಚೆಕ್-ಇನ್ ಸಾಮಾನಿನೊಳಗೆ ಹಾಕಬಹುದು, ಕೈಚೀಲದಲ್ಲಿ ಇಲ್ಲ. ಮತ್ತೆ ನಿಮ್ಮದು ಬ್ಯಾಂಕಿನ ಕೆಲಸ! ಕೌಂಟರಿನ ಆಚೆ ಕುಳಿತವರ ಸೊಂಟದಲ್ಲಿ ಚೂರಿ ಕಂಡರೆ ಠೇವಣಿ ಇಡಲು ಬಂದವರು ಏನೆಂದುಕೊಳ್ಳಬೇಕು?

ಕೊಡಗಿನವರು ಪೀಚೆಕತ್ತಿ ಕಟ್ಟಿಕೊಳ್ಳುವುದಿಲ್ಲವೇ ಎಂದು ಇಂಥ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ಸೊಂಟವಸ್ತ್ರ ಸುತ್ತಿ, ಅದರ ಮುಂಭಾಗಕ್ಕೆ ಸಿಕ್ಕಿಸುವ ಆ ಬೆಳ್ಳಿ ಕೆಲಸದ ಚೂರಿ ಮದುವೆ, ಹಬ್ಬಗಳ ಉಡುಪಿನ ಭಾಗ. ಕೊಡವರಿಗೂ ಜಮ್ಮಾ ಎಂಬ ಕೊಡಗಿನ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಿಂದ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ ಬೇರೆಯೇ ಇದೆ, 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿದರು. ಅದನ್ನು ತೋರಿಸಿ ಪುತ್ತೂರಿನವರು ವಾದ ಮಾಡಲು ಬರುವುದಿಲ್ಲ.

ರಾತ್ರಿಯ ಧೈರ್ಯದ ವಿಷಯಕ್ಕೆ ಬರೋಣ. ಅದನ್ನು ತಲೆಯಿಂದ ತೆಗೆದುಹಾಕಿದ ಮೇಲಷ್ಟೇ ಚೂರಿ ಕೊಳ್ಳಿ. ಬೈಕಿನ ಮೇಲೆ ಎರಡೂ ಕೈ ಹ್ಯಾಂಡಲಿನಲ್ಲಿರುತ್ತವೆ; ಮಳೆಗಾಲವಾದರೆ ಮೇಲೊಂದು ರೈನ್‌ಕೋಟು. ಅದರೊಳಗಿನಿಂದ ಮೂರು ಇಂಚಿನ ಅಲಗು ತೆಗೆದು ಮಾಡುವುದೇನು? ಅಡ್ಡಗಟ್ಟಿದವನ ಕೈಯಲ್ಲೂ ಏನಾದರೂ ಇದ್ದರೆ ಎದುರು ಚೂರಿ ಕಂಡ ಕ್ಷಣ ಅವನು ಅದನ್ನು ಬಳಸುತ್ತಾನೆ. ಚೂರಿ ಹಿಡಿದು ಹೊಡೆದಾಡಿದವರಲ್ಲಿ ಗೆದ್ದವನಿಗೂ ಆಸ್ಪತ್ರೆ ತಪ್ಪುವುದಿಲ್ಲ, ಆಮೇಲೆ ಠಾಣೆ. ಇನ್ನೊಂದು ಸೂಕ್ಷ್ಮ ಇದೆ. ಕಾಯ್ದೆ ಕೇಳುವುದೇ ವಸ್ತುವನ್ನು ಯಾವುದಕ್ಕೆ ಮಾಡಿದ್ದು ಎಂದು. ತೋಟದ ಚೂರಿ ಎಂದು ಹೇಳಬಹುದಾದ್ದನ್ನು ನೀವೇ ‘ರಕ್ಷಣೆಗೆ ಇಟ್ಟುಕೊಂಡಿದ್ದೇನೆ’ ಎಂದರೆ ಅದಕ್ಕಿದ್ದ ರಕ್ಷಣೆಯನ್ನು ನಿಮ್ಮ ಬಾಯಿಯಿಂದಲೇ ಕಳೆದುಕೊಂಡಂತೆ. ಎರಡೂ ಬದಿಗೆ ಬಾಯಿ, ಅಂದರೆ ಹರಿತ ಅಂಚು, ಇರುವ ಅಲಗು, ಬೆರಳು ತೂರಿಸುವ ಉಂಗುರಗಳ ಹಿಡಿ, ಜಾಹೀರಾತಿನಲ್ಲಿ ‘ಕಮಾಂಡೊ’, ‘ಟ್ಯಾಕ್ಟಿಕಲ್’ ಎಂಬ ಪದ ಇರುವ ಕಪ್ಪು ಬಣ್ಣದ ಮಾಲು, ಇವನ್ನು ಅದಕ್ಕಾಗಿಯೇ ದೂರವಿಡಿ. ತೋಟದ ಕೆಲಸಕ್ಕೂ ಅವು ನಿಷ್ಪ್ರಯೋಜಕ. ಎರಡು ಬಾಯಿಯ ಅಲಗಿನ ಬೆನ್ನಿಗೆ ಹೆಬ್ಬೆರಳು ಒತ್ತಿ ಕೆಲಸ ಮಾಡಲಾದೀತೇ?

ಈಗ ಚೂರಿಯ ಕೆಲಸ. ತೋಟದಲ್ಲಿ ನೀವು ದಿನಕ್ಕೆ ಏನೇನು ಕತ್ತರಿಸುತ್ತೀರಿ ಎಂದು ಒಮ್ಮೆ ನೆನಪಿಸಿಕೊಳ್ಳಿ. ಗೊಬ್ಬರದ ಚೀಲದ ಹೊಲಿಗೆ, ಹನಿ ನೀರಾವರಿಯ ಹದಿನಾರು ಮಿಲಿಮೀಟರ್ ಪೈಪು, ಮೆಣಸಿನ ಬಳ್ಳಿ ಕಟ್ಟುವ ದಾರ, ನೈಲಾನ್ ಹಗ್ಗ, ಬಾಳೆಎಲೆ, ಅಡಿಕೆ ಹಾಳೆ. ಎಲ್ಲವೂ ಸಣ್ಣ ಕೆಲಸ, ಆದರೆ ಎಲ್ಲವೂ ಕೊಳೆಯಾದದ್ದು. ಮಡಚುವ ಚೂರಿ ಸೋಲುವುದು ಇಲ್ಲೇ. ಅದರ ಕೀಲಿನೊಳಗೆ ಸೊನೆ ಒಣಗಿದರೆ ಅಂಟು, ಮಣ್ಣು ಸೇರಿದರೆ ಮರಳುಕಾಗದ. ಹಲಸಿನ ಮೇಣ ಸೇರಿತೋ, ಸೀಮೆಎಣ್ಣೆ ಅಥವಾ ತೆಂಗಿನೆಣ್ಣೆ ಬಿಟ್ಟು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕದೆ ಬಿಡುಗಡೆ ಇಲ್ಲ. ಮಡಚದ ಚೂರಿಗೆ ಕೀಲೇ ಇಲ್ಲ. ನಲ್ಲಿ ನೀರಿಗೆ ಹಿಡಿದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸೊರಗು ರೋಗದ ಬಳ್ಳಿ ಕತ್ತರಿಸಿದ ಮೇಲೆ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನ ಬಳ್ಳಿಗೆ ಹೋಗುವುದೂ ಸುಲಭ. ಒಂದು ಕೈಯಲ್ಲಿ ಬಳ್ಳಿ ಹಿಡಿದಿದ್ದಾಗ ಇನ್ನೊಂದು ಕೈಯಲ್ಲಿ ತೆಗೆದು, ಕತ್ತರಿಸಿ, ವಾಪಸ್ ಒರೆಗೆ ಸೇರಿಸಬಹುದು. ಈ ಕಾರಣಕ್ಕೇ ಕೊಳ್ಳಿ ಎಂದದ್ದು. ಕಸಿ ಕಟ್ಟುವುದಕ್ಕೆ ಮಾತ್ರ ಇದೇ ಚೂರಿ ಬಳಸಬೇಡಿ. ಅದಕ್ಕೆ ಒಂದೇ ಬದಿ ಮಸೆದ, ಬೇರೆ ಯಾವುದನ್ನೂ ಮುಟ್ಟದ ಅಲಗು ಬೇಕು.

ಆಕಾರದಲ್ಲಿ ನಾನು ಮೊದಲು ನೋಡುವುದು ದಪ್ಪ. ನೀವು ನೋಡಿದ ಚೂರಿಯ ವಿವರದಲ್ಲಿ ಬೆನ್ನಿನ ದಪ್ಪ ಎಷ್ಟೆಂದು ಹುಡುಕಿ. ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಚೂರಿಗಳಲ್ಲಿ ಬಹಳಷ್ಟು ನಾಲ್ಕು, ಐದು ಮಿಲಿಮೀಟರ್ ದಪ್ಪ ಇರುತ್ತವೆ. ಹಿಡಿದರೆ ಭಾರ, ಫೋಟೊದಲ್ಲಿ ಗತ್ತು. ಆದರೆ ಮೂರು ಇಂಚಿನ ಅಲಗಿಗೆ ಐದು ಮಿಲಿಮೀಟರ್ ಬೆನ್ನು ಎಂದರೆ ಅದು ಕೊಯ್ಯುವುದಿಲ್ಲ, ಸೀಳುತ್ತದೆ. ಸೌತೆಕಾಯಿ ಹೆಚ್ಚಿ ನೋಡಿ, ಹೋಳು ಪಟ್ಟನೆ ಒಡೆದು ಬೀಳುತ್ತದೆ. ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಸಾಕು, ಹೆಚ್ಚೆಂದರೆ ಮೂರು. ಅಷ್ಟು ತೆಳುವಾದರೆ ಮುರಿಯುವುದಿಲ್ಲವೇ ಎಂಬ ಹೆದರಿಕೆ ಬೇಡ. ಸಣ್ಣ ಚೂರಿ ಮುರಿಯುವುದು ಡಬ್ಬದ ಮುಚ್ಚಳ ಮೀಟಲು ಹೋದಾಗ, ತೆಂಗಿನಕಾಯಿಗೆ ಬಡಿದಾಗ. ಬಡಿಯುವ ಕೆಲಸಕ್ಕೆ ನಿಮ್ಮಲ್ಲಿ ಕತ್ತಿ ಇದೆಯಲ್ಲ.

ಹಿಡಿಯಲ್ಲಿ ನಾಲ್ಕೂ ಬೆರಳು ಕೂರಬೇಕು. ‘ಸಣ್ಣದು’ ಎಂದು ಹಿಡಿಯನ್ನೂ ಗಿಡ್ಡ ಮಾಡಿ ಮೂರು ಬೆರಳಿಗೆ ನಿಲ್ಲಿಸಿದ ಚೂರಿಗಳು ಹತ್ತು ನಿಮಿಷದ ಕೆಲಸಕ್ಕೆ ಕೈ ನೋಯಿಸುತ್ತವೆ. ಅಲಗು ಮತ್ತು ಹಿಡಿ ಸೇರುವಲ್ಲಿ ಬೆರಳು ಜಾರದಂತೆ ಸಣ್ಣ ತಡೆ ಇರಲಿ. ಬಾಳೆ ಸೊನೆ ಮೆತ್ತಿದ ಕೈ ಮುಂದಕ್ಕೆ ಜಾರಿದರೆ ನೇರ ಬಾಯಿಯ ಮೇಲೇ ಬೀಳುತ್ತದೆ. ಬರೀ ಉಕ್ಕಿನ ಹಿಡಿಗೆ ಹಗ್ಗ ಸುತ್ತಿ ಮಾರುವುದಿದೆ. ನೋಡಲು ಚೆಂದ, ಮಳೆಗಾಲದಲ್ಲಿ ಆ ಹಗ್ಗ ಒಣಗುವುದೇ ಇಲ್ಲ.

ಉಕ್ಕಿನ ಬಗ್ಗೆ ಮಾತಾಡಿದರೆ ಮುಗಿಯುವುದಿಲ್ಲ, ಹಾಗಾಗಿ ನಿಮ್ಮ ಊರಿನ ಮಟ್ಟಿಗೆ ಹೇಳುತ್ತೇನೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. 1095 ಎಂದು ಬರೆದಿದ್ದರೆ ಅದು ಶೇಕಡಾ 0.95ರಷ್ಟು ಇಂಗಾಲ ಇರುವ, ಕ್ರೋಮಿಯಂ ಸೇರಿಸದ ಉಕ್ಕು. ಬಾಯಿ ಚೆನ್ನಾಗಿ ಬರುತ್ತದೆ, ಮಸೆಯಲು ಸುಲಭ. ಆದರೆ ಆಷಾಢದಲ್ಲಿ ಒರೆಯೊಳಗೆ ಒಂದು ವಾರ ಮರೆತರೆ ಕೆಂಪು ತುಕ್ಕು. ಹಸಿ ಅಡಿಕೆ ಕೊಯ್ದರೆ ಅದರ ಚೊಗರು ತಾಗಿ ಅಲಗು ಕಪ್ಪಾಗುತ್ತದೆ, ನಿಂಬೆಹಣ್ಣಿಗೆ ಕಬ್ಬಿಣದ ರುಚಿ ಬರುತ್ತದೆ. ವಾರದಲ್ಲಿ ಐದು ದಿನ ಚೂರಿ ಕಣ್ಣಿಗೇ ಬೀಳದ ನಿಮ್ಮಂಥವರಿಗೆ ಇದು ಸಲ್ಲದು. ಡಿ2 ಎಂಬ ಉಕ್ಕು ಈಚೆಗೆ ಕಡಿಮೆ ಬೆಲೆಯ ಚೂರಿಗಳಲ್ಲೆಲ್ಲ ಕಾಣುತ್ತದೆ. ಅದರಲ್ಲಿ ಕ್ರೋಮಿಯಂ ಶೇಕಡಾ 12ರಷ್ಟಿದ್ದರೂ ಅದರ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಎಂಬ ಗಟ್ಟಿ ಕಣಗಳಾಗಿಬಿಡುವುದರಿಂದ ತುಕ್ಕು ತಡೆಯಲು ಉಳಿದದ್ದು ಸಾಲುವುದಿಲ್ಲ. ತುಂಬ ಹೊತ್ತು ಹರಿತ ಉಳಿಯುತ್ತದೆ ನಿಜ, ಮೊಂಡಾದ ಮೇಲೆ ಮನೆಯ ಮಸೆಗಲ್ಲಿಗೆ ಜಗ್ಗುವುದಿಲ್ಲ. ಸ್ಯಾಂಡ್ವಿಕ್ 12ಸಿ27, 14ಸಿ28ಎನ್, ಅಥವಾ 420ಎಚ್‌ಸಿ ಎಂದಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಅವು ಸ್ಟೇನ್‌ಲೆಸ್, ಸಾಧಾರಣ ಕಲ್ಲಿನಲ್ಲಿ ಮಸೆಯಬಹುದು. ಉಕ್ಕಿನ ಹೆಸರೇ ಇಲ್ಲದೆ ‘ಉತ್ತಮ ಗುಣಮಟ್ಟದ ಸ್ಟೀಲ್’ ಎಂದಷ್ಟೇ ಬರೆದಿದ್ದರೆ ಎರಡೂವರೆ ಸಾವಿರ ಕೊಡಬೇಡಿ. ‘ಡಮಾಸ್ಕಸ್’ ಎಂದು ಅಲೆಅಲೆಯ ಗೆರೆ ತೋರಿಸುವುದು ಎರಡು ಬಗೆಯ ಉಕ್ಕಿನ ಪದರ ಬೆಸೆದು ಆಮ್ಲದಲ್ಲಿ ಅದ್ದಿದ್ದು. ಗೆರೆ ಕಂಡಿತೆಂದು ಬಾಯಿ ಹರಿತವಾಗುವುದಿಲ್ಲ.

ಒರೆಯ ಬಗ್ಗೆ ನೀವು ಒಂದು ಪದವನ್ನೂ ಬರೆದಿಲ್ಲ, ‘ಸಮೇತ’ ಎಂಬುದರ ಹೊರತು. ಎಲ್ಲರೂ ಹಾಗೇ. ಆದರೆ ಮಡಚದ ಚೂರಿಯಿಂದ ಗಾಯವಾದದ್ದನ್ನು ನಾನು ಕೇಳಿದ, ಕಂಡ ಸಂದರ್ಭಗಳಲ್ಲಿ ಹೆಚ್ಚಿನವು ಕತ್ತರಿಸುವಾಗ ಆದದ್ದಲ್ಲ; ಒರೆಗೆ ಹಾಕುವಾಗ, ತೆಗೆಯುವಾಗ, ಅಥವಾ ಒರೆಯಿಂದ ತಾನಾಗಿ ಜಾರಿದಾಗ ಆದದ್ದು. ಮನೆಗೆ ಬಂದ ದಿನವೇ ಒರೆಯೊಳಗೆ ಹಾಕಿ, ತಲೆಕೆಳಗೆ ಹಿಡಿದು, ಹಾಸಿಗೆಯ ಮೇಲೆ ಜೋರಾಗಿ ಕೊಡವಿ. ಬಿದ್ದರೆ ಅವತ್ತೇ ವಾಪಸ್ ಕಳಿಸಿ. ಬೀಳದಿದ್ದರೆ ಹೆಬ್ಬೆರಳನ್ನು ಒರೆಯ ಅಂಚಿಗೆ ಒತ್ತಿ ಮೇಲೆತ್ತಿ ನೋಡಿ. ಹೊರಬರುವಾಗ ಚಕ್ಕನೆ ಎಗರಿದರೆ ಅದೂ ಒಳ್ಳೆಯದಲ್ಲ, ಎಗರಿದ ರಭಸಕ್ಕೆ ಇನ್ನೊಂದು ಕೈಗೆ ತಗಲುತ್ತದೆ.

ಚರ್ಮದ ಒರೆ ನನಗೆ ಇಷ್ಟ, ನಿಮಗೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಬೂಸ್ಟು ಹಿಡಿಯುತ್ತದೆ, ಹೀರಿಕೊಂಡ ತೇವ ಅಲಗಿಗೆ ಅಂಟಿಕೊಂಡೇ ಇರುತ್ತದೆ, ಒದ್ದೆಯಾದ ಚರ್ಮ ಮೆತ್ತಗಾಗಿ ಮೊನೆ ಅದನ್ನು ತೂರಿ ಹೊರಬರಲೂಬಹುದು. ಪ್ಲಾಸ್ಟಿಕ್ ಅಥವಾ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಒರೆ, ತಳದಲ್ಲಿ ನೀರಿಳಿಯುವ ತೂತು ಇರುವಂಥದ್ದು ಸರಿ. ಅದರೊಳಗೆ ಮಣ್ಣು ಸೇರಿದರೆ ಅಲಗಿನ ಮೇಲೆ ಗೀರು ಬೀಳುತ್ತದೆ. ವಾರಕ್ಕೊಮ್ಮೆ ನೀರು ಹಾಕಿ ಕೊಡವಿದರಾಯಿತು.

ಎಲ್ಲಿ ಸಿಕ್ಕಿಸಬೇಕು ಎಂಬುದೂ ಮುಖ್ಯ. ಬಲ ಸೊಂಟದ ಪಕ್ಕ, ಪ್ಯಾಂಟಿನ ಹೊಲಿಗೆಯ ಸಾಲಿಗಿಂತ ಸ್ವಲ್ಪ ಹಿಂದೆ. ಹೊಟ್ಟೆಯ ಮುಂದೆ ಇಟ್ಟರೆ ಅಡಿಕೆ ಹೆಕ್ಕಲು ಬಾಗಿದಾಗಲೆಲ್ಲ ಒತ್ತುತ್ತದೆ. ಬೆನ್ನುಮೂಳೆಯ ಮೇಲೆ ಎಂದೂ ಬೇಡ, ಜಾರುವ ತೋಡಿನ ಬದಿಯಲ್ಲಿ ಹಿಂದಕ್ಕೆ ಬಿದ್ದರೆ ಪೆಟ್ಟು ಗಟ್ಟಿ ಹಿಡಿಯ ಮೇಲೇ. ಕುತ್ತಿಗೆಗೆ ದಾರದಲ್ಲಿ ತೂಗುಹಾಕುವ ಚೂರಿಗಳನ್ನೂ ಮಾರುತ್ತಾರೆ. ಬಳ್ಳಿ, ಏಣಿ, ಮೋಟಾರಿನ ಬೆಲ್ಟು ಇರುವ ಜಾಗದಲ್ಲಿ ಕುತ್ತಿಗೆಗೆ ಹಗ್ಗ ಕಟ್ಟಿಕೊಂಡು ಓಡಾಡುವುದು ಎಂಥ ಬುದ್ಧಿವಂತಿಕೆಯೋ ನನಗಂತೂ ತಿಳಿಯದು. ನಿಮ್ಮ ಕೆಲಸದವರು ಸೊಂಟದ ಹಿಂದೆ ಕೊಕ್ಕೆಗೆ ಕತ್ತಿ ತೂಗುಹಾಕಿಕೊಂಡು ಮರ ಹತ್ತುವುದನ್ನು ನೋಡಿ ಅದೇ ರೀತಿ ಮಾಡಲು ಹೋಗಬೇಡಿ; ಆ ಕತ್ತಿ ತನ್ನ ಭಾರಕ್ಕೆ ಕೊಕ್ಕೆಯಲ್ಲಿ ಕೂರುತ್ತದೆ, ಹಗುರ ಚೂರಿ ಕೂರುವುದಿಲ್ಲ. ಬೈಕ್ ಹತ್ತುವ ಮೊದಲು ಬಿಚ್ಚಿ ಚೀಲದೊಳಗೆ ಹಾಕಿ, ಪೇಟೆಯ ಅಂಗಡಿಗೆ ಹೋಗುವುದಾದರೂ ಸರಿ.

ಆನ್‌ಲೈನ್ ಬಿಟ್ಟು ಇನ್ನೊಂದು ದಾರಿಯಿದೆ. ನಿಮ್ಮ ಊರಿನ ಆಸುಪಾಸಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ, ರಟ್ಟಿನಲ್ಲಿ ಆಕಾರ ಕತ್ತರಿಸಿ ತೆಗೆದುಕೊಂಡು ಹೋಗಿ. ಜೀಪಿನ ಸ್ಪ್ರಿಂಗ್ ಪ್ಲೇಟಿನಿಂದ ಒಳ್ಳೆಯ ಚೂರಿ ಆಗುತ್ತದೆ, ನೀವು ನೋಡಿದ ಬೆಲೆಗಿಂತ ಬಹಳ ಕಡಿಮೆಗೆ. ಆದರೆ ತೆಳು ಮಾಡಿ ಎಂದು ಪಟ್ಟು ಹಿಡಿಯಬೇಕು. ಕತ್ತಿ ಬಡಿದು ರೂಢಿಯಾದ ಕೈಗೆ ಎರಡೂವರೆ ಮಿಲಿಮೀಟರ್ ಎಂದರೆ ತಗಡು ಅನ್ನಿಸುತ್ತದೆ. ಕಾಯಿಸಿ ತಣಿಸಿ ಹದ ಹಾಕಿದ ಮೇಲೆ ಬಾಯಿಯ ಹತ್ತಿರ ಹಳೆಯ ಅರದಿಂದ ಒಮ್ಮೆ ಉಜ್ಜಿ ನೋಡಿ. ಅರ ಕಚ್ಚದೆ ಜಾರಬೇಕು. ಸುಲಭವಾಗಿ ಕಚ್ಚಿದರೆ ಹದ ಕಡಿಮೆ. ವರ್ಕ್‌ಶಾಪುಗಳ ಯಂತ್ರದ ಹ್ಯಾಕ್‌ಸಾ ಬ್ಲೇಡಿನಿಂದಲೂ ಚೂರಿ ಮಾಡಿಕೊಡುತ್ತಾರೆ. ಹೈಸ್ಪೀಡ್ ಉಕ್ಕಿನ ಬ್ಲೇಡಾದರೆ ಸಾಣೆಯ ಬಿಸಿಗೆ ಅದರ ಗಡಸುತನ ಹೋಗುವುದಿಲ್ಲ, ಹರಿತವೂ ಬಹಳ ದಿನ ಉಳಿಯುತ್ತದೆ, ಕಲ್ಲಿನ ಮೇಲೆ ಬಿದ್ದರೆ ಮಾತ್ರ ಗಾಜಿನ ಹಾಗೆ ಮುರಿಯುತ್ತದೆ. ಎರಡೂ ತುಕ್ಕು ಹಿಡಿಯುವ ಉಕ್ಕುಗಳೇ. ಭಾನುವಾರ ಹೊರಡುವ ಮೊದಲು ತೆಂಗಿನೆಣ್ಣೆ ಸವರುವ ಶಿಸ್ತು ನಿಮಗಿದ್ದರೆ ಮಾತ್ರ ಈ ದಾರಿ. ಒರೆಯನ್ನೂ ಬೇರೆಯೇ ಹುಡುಕಬೇಕಾಗುತ್ತದೆ, ಇಲ್ಲಿ ಹೆಚ್ಚಿನವರು ಸೋಲುವುದು ಅದರಲ್ಲೇ.

ಮಸೆಯಲು ಎರಡು ಮೈಯ ಕಾರ್ಬೊರಂಡಮ್ ಕಲ್ಲು ಸಾಕು. ಸೈಕಲ್ ತುಳಿಯುತ್ತ ಸಾಣೆ ಹಿಡಿಯುವವರ ಕೈಗೆ ತೆಳು ಅಲಗು ಕೊಡಬೇಡಿ. ಕಿಡಿ ಹಾರುತ್ತ ಬಾಯಿ ನೀಲಿಯಾಯಿತೆಂದರೆ ಅಷ್ಟು ಭಾಗದ ಹದ ಹೋಯಿತು.

ತಮ್ಮನ ವಿಷಯ. ಇಂಗ್ಲೆಂಡಿನಲ್ಲಿ ಚೂರಿಯ ಕಾನೂನು ನಮ್ಮದಕ್ಕಿಂತ ಬಿಗಿ. 1988ರಿಂದ ಅಲ್ಲಿ ಸಾರ್ವಜನಿಕ ಜಾಗದಲ್ಲಿ ಕಾರಣವಿಲ್ಲದೆ ಒಯ್ಯಬಹುದಾದದ್ದು ಬಿಡಿಸಿದಾಗ ಲಾಕ್ ಆಗದ, ಮೂರು ಇಂಚಿಗಿಂತ ಹೆಚ್ಚಿಲ್ಲದ ಬಾಯಿಯ ಮಡಚುವ ಚೂರಿ ಮಾತ್ರ. ಮಡಚದ್ದು ಎಷ್ಟೇ ಸಣ್ಣದಿದ್ದರೂ ತಕ್ಕ ಕಾರಣ ಬೇಕು. ಕೊಂಡು ಮನೆಗೆ ಒಯ್ಯುವುದು ಕಾರಣವೇ, ಆದರೆ ಪೊಟ್ಟಣ ಒಡೆಯದೆ, ರಸೀದಿ ಜೊತೆಗಿಟ್ಟು ನೇರ ಮನೆಗೆ ಹೋಗಲಿ, ಅಲ್ಲಿಂದ ಚೆಕ್-ಇನ್ ಸೂಟ್‌ಕೇಸಿಗೆ ಹಾಕಲಿ. ಅವನು ತರುವುದಾದರೆ ಸ್ವೀಡನ್ನಿನ ಮೊರಾ ಊರಿನ ಚೂರಿ ತರಿಸಿ. ಅಲ್ಲಿ 1891ರಿಂದ ಚೂರಿ ಮಾಡುತ್ತಿದ್ದಾರೆ, ಬೆಲೆಯೂ ಹಗುರ. ‘ಕಂಪ್ಯಾನಿಯನ್’ ಎಂಬ ಮಾದರಿಯ ಅಲಗು ಸುಮಾರು ಹತ್ತು ಸೆಂಟಿಮೀಟರ್, ಅಂದರೆ ನೀವು ಕೇಳಿದ್ದಕ್ಕಿಂತ ಒಂದು ಇಂಚು ಉದ್ದ, ದಪ್ಪ ಎರಡೂವರೆ ಮಿಲಿಮೀಟರ್, ಹಿಡಿ ಕೈತುಂಬ, ಒರೆ ಪ್ಲಾಸ್ಟಿಕ್. ತೋಟಕ್ಕೆ ಆ ಉದ್ದ ಅನುಕೂಲವೇ. ಇನ್ನೂ ಸಣ್ಣದೇ ಬೇಕೆಂದರೆ ‘ಎಲ್ಡ್ರಿಸ್’ ಇದೆ, ಅಲಗು ಆರು ಸೆಂಟಿಮೀಟರ್ ಹತ್ತಿರ, ಆದರೆ ಅದರ ಹಿಡಿ ಗಿಡ್ಡ. ತಮ್ಮನಿಗೆ ಹೇಳುವಾಗ ಸ್ಟೇನ್‌ಲೆಸ್ ಎಂದು ಒತ್ತಿ ಹೇಳಿ. ಅದೇ ಬಣ್ಣ, ಅದೇ ಆಕಾರದಲ್ಲಿ ಕಾರ್ಬನ್ ಉಕ್ಕಿನದೂ ಸಿಗುತ್ತದೆ.